ಬಾಲಕೃಷ್ಣ ಮತ್ತೆ ಪರಾರಿ

ಬಾಲಕೃಷ್ಣ ಮತ್ತೆ ತಪ್ಪಿಸಿಕೊಂಡಿದ್ದಾನೆ. ಮಳೆಗಾಲ ಕಳೆದ ಮೇಲೆ ಇದು ನಾಲ್ಕನೇ ಸಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇವನು ನಮ್ಮ ಸಾಗರ ಸೀಮೆಯ ಸೂಪರ್‌ವಿಲನ್. ಕೆಂಪು ಮೋರೆ, ಅರ್ಧ ಹರಿದ ಎಡಗಿವಿ, ಹೆಸರಿಗೆ ತಕ್ಕಂತೆ ಉದ್ದನೆಯ ಬಾಲ. ಹೆಸರಿಟ್ಟವಳು ನನ್ನ ಹೆಂಡತಿ. ನನಗಿಂತ ಮೊದಲು ಅವಳನ್ನು ನೋಡಲು ಬಂದಿದ್ದ ಗಂಡಿನ ಹೆಸರೂ ಅದೇ ಆಗಿದ್ದದ್ದು ಕಾಕತಾಳೀಯವಂತೆ.

ಹಸಿದು ತಿಂದಿದ್ದರೆ ಬರೀ ಕಳ್ಳ ಅನ್ನಬಹುದಿತ್ತು. ಇವನದು ಶುದ್ಧ ಚೇಷ್ಟೆ. ಎಳೆ ಅಡಿಕೆ ಕಿತ್ತು, ಒಂದೇ ಸಲ ಚೀಪಿ, ಕೆಳಗೆ ನಿಂತ ನನ್ನತ್ತ ಎಸೆಯುತ್ತಾನೆ. ಅಡಿಕೆ ಹೂವಿನ ಸಿಂಗಾರ ಹರಿದು ಮರದ ಬುಡಕ್ಕೆ ಚೆಲ್ಲುತ್ತಾನೆ. ಹೆಂಚು ಸರಿಸಿ ಅಡುಗೆಮನೆಗೆ ಇಳಿದರೆ ಮಿಡಿ ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿ, ಒಂದು ಮಿಡಿ ಕಚ್ಚಿ, ಮುಖ ಸಿಂಡರಿಸಿ, ಉಳಿದದ್ದನ್ನು ಮತ್ತೆ ಜಾಡಿಗೇ ಹಾಕುತ್ತಾನೆ.

ದೂರು ಕೊಡಲು ಹೋದರೆ, ಮೊದಲು ಅವನು ಎಲ್ಲಿದ್ದ ಅಂತ ಹೇಳಬೇಕು. ಕಾಡಿನ ಮರದಲ್ಲಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿರುವ ಗಣ್ಯ. ತೋಟಕ್ಕೆ ಹಾರಿದರೆ ಒಂದು ಕಚೇರಿಯವರು ಇನ್ನೊಂದು ಕಚೇರಿಯ ಕಡೆ ಕೈ ತೋರಿಸುತ್ತಾರೆ. ಅಡುಗೆಮನೆಗೆ ಇಳಿದರೆ ಪೂರ್ತಿ ನಮ್ಮವನು. ನನ್ನ ಅರ್ಜಿಯ ಮೇಲೆ ಬರೆದುಬಂದ ಷರಾ ಇನ್ನೂ ಜೋಪಾನವಾಗಿದೆ: ‘ಸದರಿ ಮಂಗನು ಪರಿಶೀಲನೆಯ ವೇಳೆ ಸ್ಥಳದಲ್ಲಿ ಹಾಜರಿರಲಿಲ್ಲ.’

ಹಾಗಂತ ಎಲ್ಲ ಪಾಪವನ್ನೂ ಅವನ ತಲೆಗೆ ಕಟ್ಟಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆಯನ್ನು ಅಂಟಿಸುವುದು ರಕ್ತ ಹೀರುವ ಉಣುಗು, ಕಾಡಿನಲ್ಲಿ ಸತ್ತು ಬೀಳುವುದು ಮಂಗ, ಹೆಸರು ಮಾತ್ರ ಮಂಗನ ಕಾಯಿಲೆ. ಸತ್ತವನನ್ನೇ ಒಂದನೇ ಆರೋಪಿ ಮಾಡುವುದರಲ್ಲಿ ನಾವು ಮೊದಲಿನಿಂದಲೂ ಚುರುಕು.

ತೀರ್ಥಹಳ್ಳಿ ಕಡೆಯ ರೈತರೊಬ್ಬರು 2019ರಲ್ಲಿ ಸಾಕುನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ನಾನೂ ಬಳಿದೆ. ಎರಡು ದಿನ ಬಾಲಕೃಷ್ಣನ ಸುಳಿವಿಲ್ಲ. ಮೂರನೇ ದಿನ ಮಳೆ ಹೊಯ್ದು, ಹುಲಿ ಬಾಲ ಅಲ್ಲಾಡಿಸುತ್ತಾ ಹಿತ್ತಿಲ ಬಾಗಿಲಿಗೆ ಬಂದು ನಿಂತಿತು.

ಕೊನೆಗೆ ತಲೆಗಿಷ್ಟು ಅಂತ ಮಾತಾಡಿ ಹಿಡಿಯುವವರನ್ನು ಕರೆಸಿದೆವು. ಪಂಜರದೊಳಗೆ ಬಾಳೆಹಣ್ಣು, ಶೇಂಗಾ. ಮೇಲೆತ್ತಿದ ಬಾಗಿಲಿಗೆ ಹಗ್ಗ, ಹಗ್ಗದ ತುದಿ ಹಿಡಿದು ಕೊಟ್ಟಿಗೆ ಮರೆಯಲ್ಲಿ ಕೂತ ಮನುಷ್ಯ. ಬಾಲಕೃಷ್ಣ ಮೊದಲು ಎರಡು ಮರಿಗಳನ್ನು ಒಳಗೆ ಬಿಟ್ಟು ನೋಡಿದ. ಆಮೇಲೆ ತೋಟದ ಕಡೆಯಿಂದ ಒಂದು ತುಂಡು ಅಡಿಕೆ ದಬ್ಬೆ ಎಳೆದು ತಂದು ಬಾಗಿಲ ಕೆಳಗೆ ಅಡ್ಡ ಇಟ್ಟ. ಒಳಗೆ ಹೋಗಿ, ಕೂತು, ಸಾವಕಾಶ ತಿಂದ. ಹಗ್ಗ ಬಿಟ್ಟರೆ ಬಾಗಿಲು ದಬ್ಬೆಯ ಮೇಲೆ ಕೂತಿತು. ಸಿಪ್ಪೆಯನ್ನು ಮಾತ್ರ ಪಂಜರದೊಳಗೇ ಬಿಟ್ಟು ಬಂದ. ‘ಸ್ವಚ್ಛ ಗ್ರಾಮ’ ಅಂತ ಬೋರ್ಡ್ ಇರುವ ಊರು ನಮ್ಮದು.

ಸಿಕ್ಕಿದ ದಿನಗಳೂ ಇವೆ. ಸಿಕ್ಕಿದರೆ ಗಡೀಪಾರು. ಮೊದಲೆಲ್ಲ ಶರಾವತಿ ಹಿನ್ನೀರಿನ ಆಚೆ ಬಿಡುತ್ತಿದ್ದರು. ಕೊನೆಯ ಲಾಂಚ್ ತಪ್ಪಿದರೆ ಮನುಷ್ಯರೇ ಆಚೆ ದಡದಲ್ಲಿ ಉಳಿಯಬೇಕು, ಮಂಗ ಹೇಗೆ ಬಂದಾನು ಎಂಬ ಧೈರ್ಯ. 2025ರ ಜುಲೈ 14ಕ್ಕೆ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಂದಿನಿಂದ ಆಚೆಯ ಜನ ಕಾದದ್ದು ಅರವತ್ತು ವರ್ಷ. ಬಾಲಕೃಷ್ಣ ಕಾದದ್ದು ರಿಬ್ಬನ್ ಕತ್ತರಿಸುವ ತನಕ.

2020ರಲ್ಲಿ ಹೊಸನಗರ ತಾಲೂಕಿನಲ್ಲಿ ಮಂಕಿ ಪಾರ್ಕ್ ಎಂಬ ಮಾತೂ ಎದ್ದಿತ್ತು. ಮಂಗಗಳಿಗೊಂದು ಬಯಲು ಬಂದೀಖಾನೆ. ನಮ್ಮ ಕಡೆ ಎಲ್ಲರೂ ಮೆಚ್ಚಿದರು, ಪಕ್ಕದ ಊರಿನಲ್ಲಾದರೆ.

ಮೊನ್ನೆ ರಾತ್ರಿ ಗಡೀಪಾರಿನ ಪಿಕಪ್‌ನಲ್ಲಿ ನಾನೂ ಕೂತು ಹೋದೆ, ಸಾಕ್ಷಿಗೊಬ್ಬರು ಇರಲಿ ಅಂತ. ಅರ್ಧ ದಾರಿಯಲ್ಲಿ ಎದುರಿನಿಂದ ಇನ್ನೊಂದು ಪಿಕಪ್ ಲೈಟ್ ಡಿಮ್ ಮಾಡಿ ನಿಂತಿತು. ಅದರ ಹಿಂದೆಯೂ ಪಂಜರ.

‘ಎಷ್ಟು ತಲೆ?’ ನಮ್ಮ ಡ್ರೈವರ್ ಕೇಳಿದ.

‘ಇಪ್ಪತ್ತು. ನಿಂದು?’

‘ಹದಿನೆಂಟು. ಎಲ್ಲಿ ಬಿಡೋದು?’

‘ನಿಮ್ಮೂರಲ್ಲೇ ಮಾರಾಯ. ನೀನು?’

‘ನಿಮ್ಮೂರಲ್ಲಿ.’

ಇಬ್ಬರೂ ಬೀಡಿ ಹಚ್ಚಿದರು. ಎರಡು ಪಂಜರದ ಮಂಗಗಳು ಬೇರೆ ಬೇರೆ ಊರಿನ ಬೀಗರ ಹಾಗೆ ಸರಳುಗಳ ನಡುವೆ ಮುಖ ನೋಡಿಕೊಂಡವು.

‘ಸುಮ್ನೆ ಎಂತಕ್ಕೆ ಡೀಸೆಲ್ ಸುಡೋದು?’ ಎದುರಿನವನು ಹೇಳಿದ. ‘ನಿಮ್ಮವು ನಿಮ್ಮೂರಿಗೇ ಹೋಗ್ಲಿ, ನಮ್ಮವು ನಮ್ಮೂರಿಗೆ.’

‘ಬಿಲ್ಲು?’

‘ಬಿಲ್ಲಿಗೆಂತ, ತಲೆ ಲೆಕ್ಕ ಆಗಿದ್ಯಲ್ಲ.’

ಇಬ್ಬರೂ ಗಾಡಿ ತಿರುಗಿಸಿದರು. ಸಾಕ್ಷಿ ಸುಮ್ಮನೆ ಕೂತಿದ್ದ. ಊರ ಹತ್ತಿರ ಪಂಜರ ಇಳಿಸಿದರೆ ಹದಿನೇಳೇ ಇವೆ, ಚಿಲಕ ತೆರೆದಿದೆ. ಬಾಲಕೃಷ್ಣ ಅಷ್ಟೂ ದಾರಿ ಕ್ಯಾಬಿನ್ ಮೇಲೆ ಗಾಳಿ ತಿನ್ನುತ್ತಾ ಬಂದಿದ್ದ.

ಬೆಳಿಗ್ಗೆ ಕಾಫಿ ಹೊತ್ತಿಗೆ ಹೆಂಚು ಸರಿದ ಸದ್ದಾಯಿತು. ನಾನು ದೊಣ್ಣೆಗೆ ಕೈ ಹಾಕಿದೆ. ನನ್ನ ಹೆಂಡತಿ ತಲೆ ಎತ್ತಿಯೂ ನೋಡಲಿಲ್ಲ.

‘ರಾತ್ರಿಯಿಡೀ ಪ್ರಯಾಣ, ಪಾಪ, ಆಯಾಸ ಆಗಿರ್ತದೆ. ಇವತ್ತೊಂದಿನ ಬೈಬೇಡಿ’ ಅಂದಳು.

ನನಗೂ ರಾತ್ರಿಯಿಡೀ ನಿದ್ದೆ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.