ಕೈ ಹೋಗದ ಕಡೆ ಆರೈಕೆಯೂ ಹೋಗುವುದಿಲ್ಲ

ಮೊನ್ನೆ ಒಂದು ಗಂಟೆ ಹೊತ್ತು ನಾನು ನನ್ನ ಬೋಟಿನ ಇಂಜಿನ್ ಗೂಡಿನಲ್ಲಿ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು ಜೋತುಬಿದ್ದಿದ್ದೆ. ಹೊಟ್ಟೆ ಮೆಟ್ಟಿಲಿನ ಅಂಚಿಗೆ ಒತ್ತುತ್ತಿತ್ತು. ಎಡಗೈ ಆಲ್ಟರ್ನೇಟರ್ ಹಿಂದೆ ಸಿಕ್ಕಿಕೊಂಡಿತ್ತು. ಬಲಗೈ ಎಲ್ಲಿತ್ತೋ ನನಗೇ ಗೊತ್ತಿರಲಿಲ್ಲ. ಕೆಲಸ ಏನು ಅಂತ ಹೇಳಿದರೆ ನಗುತ್ತೀರಿ. ಇಂಜಿನ್ ತಣ್ಣಗಿಡುವ ನೀರಿನ ಪಂಪಿನ ಮುಚ್ಚಳದ ಆರು ಸ್ಕ್ರೂ ಬಿಚ್ಚಿ, ಒಳಗಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ, ತೆಗೆದು ಹೊಸದು ಹಾಕುವುದು, ಅಷ್ಟೇ. ಪಂಪು ಮೇಜಿನ ಮೇಲಿದ್ದರೆ ಹತ್ತು ನಿಮಿಷದ ಕೆಲಸ. ಐದು ಸ್ಕ್ರೂ ಮರ್ಯಾದೆಯಿಂದ ಬಂದವು. ಆರನೆಯದು ಬೆರಳ ತುದಿಯಿಂದ ಜಾರಿ, ಎಲ್ಲಿಗೋ ಟಿಣ್ ಅಂತ ಬಡಿದು, ಬಿಲ್ಜ್‌ಗೆ, ಅಂದರೆ ಬೋಟಿನ ತಳದಲ್ಲಿ ನಿಂತ ನೀರಿಗೆ, ಗುಳುಂ ಅಂತ ಬಿತ್ತು.

ಉದ್ದ ಕೋಲಿನ ಮ್ಯಾಗ್ನೆಟ್ ಇತ್ತು. ಹೆಮ್ಮೆಯಿಂದ ಅದನ್ನು ಇಳಿಬಿಟ್ಟು ಐದು ನಿಮಿಷ ತಡಕಾಡಿದೆ. ಆಮೇಲೆ ಹೊಳೆಯಿತು. ಆ ಸ್ಕ್ರೂ ಹಿತ್ತಾಳೆಯದು. ಮ್ಯಾಗ್ನೆಟ್ಟಿಗೂ ಹಿತ್ತಾಳೆಗೂ ಮಾತೇ ಇಲ್ಲ! ಬಿಚ್ಚುವ ಮೊದಲು ಪಂಪಿನ ಅಡಿಗೆ ಒಂದು ಹಳೇ ಟವೆಲ್ ತುರುಕಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಗೊತ್ತಿತ್ತು, ಆದರೂ ಮಾಡಿರಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಸರಿ, ಆದರೆ ಕೆಸರಾಗಲಿಕ್ಕೆ ಮೊದಲು ಕೈ ಒಳಗೆ ಹೋಗಬೇಕಲ್ಲ. ಬೋಟಿನ ಇಂಜಿನ್ ಕೆಲಸ ನೀವೇ ಮಾಡಿಕೊಳ್ಳಿ ಅಂತ ಉಪದೇಶ ಮಾಡುವವರು ಸ್ಪ್ಯಾನರ್ ಬಗ್ಗೆ ಹೇಳುತ್ತಾರೆ, ಆಯಿಲ್ ಗ್ರೇಡ್ ಬಗ್ಗೆ ಜಗಳ ಆಡುತ್ತಾರೆ. ಜಾಗದ ಬಗ್ಗೆ ಬಾಯಿ ಬಿಡುವುದಿಲ್ಲ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಕ್ಕಟ್ಟಾದ ಗೂಡಿನಲ್ಲಿ ಇಂಜಿನ್ ಇಟ್ಟುಕೊಂಡವರು ಮೊದಲು ಮಾಡಬೇಕಾದ್ದು ಸರ್ವಿಸ್ ಅಲ್ಲ. ಸರ್ವಿಸ್ ಮಾಡಲು ದಾರಿ ಮಾಡಿಕೊಳ್ಳುವುದು. ಕೈಗೆ ಸಿಗುವ ಭಾಗವನ್ನು ನಾವು ಹೇಗೂ ಒರೆಸುತ್ತೇವೆ, ಮುಟ್ಟಿ ನೋಡುತ್ತೇವೆ. ಕೈಗೆ ಸಿಗದ್ದನ್ನು "ಮುಂದಿನ ಸಲ ನೋಡಿದರಾಯ್ತು" ಅಂತ ಬಿಡುತ್ತೇವೆ. ಆ ಮುಂದಿನ ಸಲ ಬರುವುದು ದಡ ಕಾಣದ ಕಡೆ ಇಂಜಿನ್ ನಿಂತಾಗ.

ಕಾರಾದರೆ ಬಾನೆಟ್ ಎತ್ತಿ ಸುತ್ತ ನಿಂತು ನೋಡಬಹುದು. ಅಡಿಯಿಂದಲೂ ನುಸುಳಬಹುದು. ಬೋಟಿನಲ್ಲಿ ಇಂಜಿನ್ ಅಡಿಗಿರುವುದು ಬೋಟಿನ ತಳ, ಅದರ ಅಡಿಗೆ ನೀರು. ಆಯಿಲ್ ಇಳಿಸುವ ಬೋಲ್ಟ್ ತಳದಲ್ಲಿ ಇದ್ದೇ ಇರುತ್ತದೆ, ಆದರೆ ಅದರ ಕೆಳಗೆ ಒಂದು ತಟ್ಟೆ ಹಿಡಿಸುವಷ್ಟೂ ಜಾಗ ಇರುವುದಿಲ್ಲ. ಎಷ್ಟೋ ಬೋಟುಗಳಲ್ಲಿ ಆ ಬೋಲ್ಟನ್ನು ಇಂಜಿನ್ ಕೂರಿಸಿದ ಮೇಲೆ ಯಾರೂ ಮುಟ್ಟಿಯೇ ಇಲ್ಲ ಅಂದರೆ ಆಶ್ಚರ್ಯ ಬೇಡ.

ನನಗೆ ಬುದ್ಧಿ ಬಂದದ್ದು ಎರಡು ವರ್ಷದ ಹಿಂದೆ. ನನ್ನ ಇಂಜಿನ್‌ಗೆ ಎರಡು ಡೀಸೆಲ್ ಫಿಲ್ಟರ್. ಒಂದು ಟ್ಯಾಂಕಿನಿಂದ ಬರುವ ದಾರಿಯಲ್ಲಿ, ನೀರು ಬೇರೆ ಮಾಡುವ ಬಟ್ಟಲಿನ ಜೊತೆ. ಅದು ಕಣ್ಣೆದುರಿಗೇ ಇದೆ. ಇನ್ನೊಂದು ಇಂಜಿನ್ ಮೈಗೇ ಅಂಟಿಕೊಂಡಿದೆ, ಗೋಡೆ ಕಡೆಗೆ. ಆ ವರ್ಷ ಸರ್ವಿಸನ್ನು ಒಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟಿದ್ದೆ. ಬಿಲ್ಲಿನಲ್ಲಿ ಎರಡೂ ಫಿಲ್ಟರ್ ಬದಲಾಯಿಸಿದ ಲೆಕ್ಕ ಇತ್ತು. ಕೆಲವು ವಾರದ ನಂತರ ಅಲೆ ಎದ್ದ ದಿನ ಹೊರಗೆ ಹೋಗಿದ್ದೆ. ಒಂದೇ ಸಮನೆ ಓಡುತ್ತಿದ್ದ ಇಂಜಿನ್ ಏದುಸಿರು ಬಿಡತೊಡಗಿತು. ಆರ್‌ಪಿಎಂ ಇಳಿಯಿತು, ಒಮ್ಮೆ ಏರಿತು, ಮತ್ತೆ ಇಳಿದು ನಿಂತೇಹೋಯಿತು.

ಫಿಲ್ಟರ್ ಕಟ್ಟಿಕೊಳ್ಳುವುದು ಇಂಥ ದಿನವೇ. ಸುಮ್ನೆ ನಿಂತ ಬೋಟಿನ ಟ್ಯಾಂಕಿನಲ್ಲಿ ಕೊಳೆ ತಳಕ್ಕೆ ಕೂತಿರುತ್ತದೆ. ಅಲೆಗೆ ಬೋಟು ಕುಲುಕಿದಾಗ ಅದೆಲ್ಲ ಮೇಲೆದ್ದು ಪೈಪಿಗೆ ಬರುತ್ತದೆ. ಎದುರಿನ ಫಿಲ್ಟರ್ ಬದಲಾಯಿಸಿದೆ, ಉಪಯೋಗ ಆಗಲಿಲ್ಲ. ಹಿಂದಿನದಕ್ಕೆ ಕೈ ಹಾಕಿ, ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೆದು ನೋಡಿದರೆ, ಅದರ ಬೋಲ್ಟಿನ ಮೇಲೆ ಹಳೇ ಪೇಂಟು ಹಾಗೇ ಇತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಕೋಪ ಬಂತು, ನಿಜ. ಆದರೆ ಆಮೇಲೆ ಆ ಬೋಲ್ಟ್ ಬಿಚ್ಚಲು ನಾನೇ ಒದ್ದಾಡಿದಾಗ ಅರ್ಧ ಕೋಪ ಇಳಿಯಿತು. ಬೋಟು ಆ ಮೆಕ್ಯಾನಿಕ್ ಅವರದಲ್ಲ. ನಡುನೀರಿನಲ್ಲಿ ನಿಲ್ಲುವವರೂ ಅವರಲ್ಲ. ಕೈ ಹೋಗದ ಕಡೆ ಬಾಡಿಗೆಯ ಕೈ ಯಾಕೆ ಹೋಗುತ್ತದೆ?

ಫಿಲ್ಟರ್ ಬದಲಾಯಿಸಿದರೆ ಕೆಲಸ ಮುಗಿಯಿತು ಅಂತಲ್ಲ. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದ್ದರೆ ಇಂಜಿನ್ ಜಪ್ಪಯ್ಯ ಅಂದರೂ ಏಳುವುದಿಲ್ಲ. ಫಿಲ್ಟರ್ ಮೇಲಿನ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಡೀಸೆಲ್ ಎಳೆಯುವ ಫೀಡ್ ಪಂಪಿನ ಸಣ್ಣ ಲಿವರನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂರಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಆಗ ಸ್ಕ್ರೂ ಬಿಗಿಮಾಡಬೇಕು. ನನ್ನ ಲಿವರ್ ಆ ದಿನ ಸತ್ತಂತೆ ಆಡುತ್ತಿತ್ತು, ಒತ್ತಿದರೆ ಏನೂ ಬರದು. ಪಂಪು ಹೋಯಿತು ಅಂತ ಎದೆ ಧಸಕ್ ಅಂದಿತು. ಪಂಪಿಗೆ ಏನೂ ಆಗಿರಲಿಲ್ಲ. ಅದನ್ನು ನಡೆಸುವ ಕ್ಯಾಮ್, ಅಂದರೆ ಇಂಜಿನ್ ಜೊತೆ ತಿರುಗುವ ಉಬ್ಬು, ಪೂರ್ತಿ ಮೇಲೆದ್ದು ನಿಂತಿದ್ದರೆ ಲಿವರಿಗೆ ಆಟವೇ ಇರುವುದಿಲ್ಲ. ಇಂಜಿನನ್ನು ಒಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಇದು ನನಗೆ ಗೊತ್ತಾಗಿದ್ದು ಮ್ಯಾನ್ಯುಯಲ್‌ನ ಒಂದು ಮೂಲೆಯಲ್ಲಿ, ಅದೂ ಹೊಟ್ಟೆ ತೊಳಸಿ ಎರಡು ಸಲ ವಾಂತಿ ಆದ ಮೇಲೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇಂಜಿನ್ ಏಳಲಿಲ್ಲ ಅಂತ ಸ್ಟಾರ್ಟರ್ ಒತ್ತುತ್ತಲೇ ಇರಬೇಡಿ. ಇಂಜಿನ್ ತಿರುಗಿದಷ್ಟೂ ನೀರಿನ ಪಂಪು ಸಮುದ್ರದ ನೀರನ್ನು ಸೈಲೆನ್ಸರ್ ಕಡೆ ತಳ್ಳುತ್ತಾ ಇರುತ್ತದೆ. ಅದನ್ನು ಹೊರಗೆ ಊದಲು ಹೊಗೆ ಇರುವುದಿಲ್ಲ. ನೀರು ತುಂಬಿ ಹಿಂದಕ್ಕೆ ಸಿಲಿಂಡರಿಗೇ ನುಗ್ಗಬಹುದು. ಡೀಸೆಲ್ ಸಮಸ್ಯೆಗೆ ಹೋಗಿ ಇಡೀ ಇಂಜಿನ್ ಕಳೆದುಕೊಂಡ ಹಾಗೆ. ಪದೇ ಪದೇ ಸ್ಟಾರ್ಟ್ ಮಾಡಿ ನೋಡುವುದಿದ್ದರೆ ಒಳಗೆ ಬರುವ ನೀರಿನ ವಾಲ್ವ್ ಮುಚ್ಚಿ, ಇಂಜಿನ್ ಎದ್ದ ತಕ್ಷಣ ತೆರೆಯಿರಿ. ತಡ ಮಾಡಿದರೆ ನೀರಿಲ್ಲದೆ ಇಂಪೆಲ್ಲರ್ ಸುಟ್ಟುಹೋಗುತ್ತದೆ.

ನೀರಿನ ಪಂಪಿನ ಕೆಲಸಕ್ಕೂ ಆ ವಾಲ್ವ್ ಮುಚ್ಚಬೇಕು, ಇಲ್ಲದಿದ್ದರೆ ಬೋಟಿನೊಳಗೆ ಕಾರಂಜಿ. ಮುಚ್ಚಿದ್ದನ್ನು ಮರೆತರೆ ಮತ್ತೆ ಇಂಪೆಲ್ಲರ್ ಸಾಯುತ್ತದೆ. ಅದಕ್ಕೆ ನಾನು ವಾಲ್ವ್ ಮುಚ್ಚಿದ ಕೂಡಲೇ ಇಂಜಿನ್ ಕೀಲಿಯನ್ನು ಅದರ ಹಿಡಿಗೇ ನೇತುಹಾಕುತ್ತೇನೆ. ಕೀಲಿ ಬೇಕಂದರೆ ವಾಲ್ವ್ ಹತ್ತಿರ ಹೋಗಲೇಬೇಕು. ನನ್ನ ನೆನಪಿನ ಶಕ್ತಿಯ ಮೇಲೆ ನನಗಿರುವ ನಂಬಿಕೆ ಅಷ್ಟು!

ಆ ದಿನ ವಾಪಸ್ ಬಂದವನೇ ಮೊದಲು ಮಾಡಿದ್ದು ಗರಗಸ ಹಿಡಿದದ್ದು. ಮಲಗುವ ಜಾಗಕ್ಕೂ ಇಂಜಿನ್‌ಗೂ ನಡುವೆ ಒಂದು ಪ್ಲೈವುಡ್ ಹಲಗೆ ಇತ್ತು. ಅದು ಭಾರ ಹೊರುವ ಗೋಡೆ ಅಲ್ಲ ಅಂತ ಬೋಟ್ ಕಟ್ಟುವವರೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡೆ. ಇದನ್ನು ಕೇಳದೆ ಯಾರೂ ಕೊಯ್ಯಬೇಡಿ. ಅದರ ಹಿಂದೆ ವೈರು, ಪೈಪು ಇಲ್ಲ ಅಂತಲೂ ನೋಡಿ, ಎರಡು ಭುಜ ಹಿಡಿಸುವಷ್ಟು ಕಿಂಡಿ ಕೊಯ್ದೆ. ಹೊಗೆ, ಸದ್ದು ಬರದ ಹಾಗೆ ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟು ಬಾಗಿಲು ಕೂರಿಸಿದೆ. ಆಮೇಲೆ ಹಿಂದಿನ ಫಿಲ್ಟರ್ ನೋಡಿದರೆ ಬಾಗಿಲ ಹತ್ತಿರ ನಿಂತು ಕಾಯುತ್ತಿರುವ ನೆಂಟನ ಹಾಗೆ ಎದುರಿಗೇ ಇತ್ತು. ಇಷ್ಟು ದಿನ ನಾನು ತಪ್ಪು ಕಡೆಯಿಂದ ಕೈ ಹಾಕುತ್ತಿದ್ದೆ.

ಆ ಕಿಂಡಿಯಿಂದ ಕಂಡದ್ದೇ ಬೇರೆ ಲೋಕ. ಬೆಲ್ಟಿನ ಸುತ್ತ ಕಪ್ಪು ಪುಡಿ ಉದುರಿತ್ತು. ಅಂದರೆ ಬೆಲ್ಟು ಸಡಿಲ, ಇಲ್ಲ ಪುಲ್ಲಿಗಳು ನೇರಕ್ಕಿಲ್ಲ. ಒಂದು ಹೋಸ್ ಕ್ಲಿಪ್ಪಿನ ಅಡಿಭಾಗ ತುಕ್ಕು ತಿಂದು ಕಾಗದದಂತಾಗಿತ್ತು, ಮೇಲಿಂದ ಮಾತ್ರ ಫಳಫಳ. ಗೂಡಿನ ಒಳಗೆಲ್ಲ ಬಿಳಿ ಪೇಂಟ್ ಹೊಡೆದೆ. ಬಿಳಿ ಮೇಲೆ ಒಂದು ಹನಿ ಆಯಿಲ್ ಬಿದ್ದರೂ ಕಾಣುತ್ತದೆ.

ಆಯಿಲ್ ಬದಲಾಯಿಸುವುದು ಈಗ ನನಗೆ ಖುಷಿಯ ಕೆಲಸ. ಹತ್ತು ಹದಿನೈದು ನಿಮಿಷ ಓಡಿಸಿ ಇಂಜಿನ್ ಬೆಚ್ಚಗೆ ಮಾಡಿ ನಿಲ್ಲಿಸುತ್ತೇನೆ. ತಣ್ಣಗಿನ ಆಯಿಲ್ ಮಂದ, ಮೇಲೆ ಬರುವುದಿಲ್ಲ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಇರುವ ಕೊಳವೆಯಲ್ಲಿ ತೆಳು ಪೈಪು ಇಳಿಸಿ ಕೈಪಂಪಿನಿಂದ ಎಳೆಯುತ್ತೇನೆ. ಆಯಿಲ್ ಫಿಲ್ಟರ್ ಅಡ್ಡ ಮಲಗಿದೆ, ಬಿಚ್ಚಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕುತ್ತದೆ. ಅದಕ್ಕೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲವನ್ನು ಟೋಪಿಯಂತೆ ತೊಡಿಸಿ, ಚೀಲದೊಳಗೇ ತಿರುಗಿಸಿ ತೆಗೆಯುತ್ತೇನೆ. ಹೊಸದಕ್ಕೆ ರಬ್ಬರ್ ರಿಂಗಿನ ಮೇಲೆ ಒಂದು ಬೆರಳು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡುತ್ತೇನೆ. ರಿಂಗು ತಾಗಿದ ಮೇಲೆ ಮುಕ್ಕಾಲು ಸುತ್ತು, ಜಾಸ್ತಿ ಬೇಡ.

ಕಣ್ಣಿಗೆ ಕಾಣದ ಕಡೆ ಸ್ಕ್ರೂ ಹಾಕುವುದೂ ಒಂದು ಕಲೆ. ಸೀದಾ ಬಲಕ್ಕೆ ತಿರುಗಿಸಿದರೆ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ಅಡ್ಡ ಹಿಡಿಯುತ್ತದೆ. ಮೊದಲು ಎಡಕ್ಕೆ, ಬಿಚ್ಚುವ ಕಡೆಗೆ, ಮೆಲ್ಲಗೆ ತಿರುಗಿಸಿ. ಮರೆ ಕೂತಾಗ ಬೆರಳಿಗೆ ಟಕ್ ಅಂತ ಒಂದು ಸಣ್ಣ ಇಳಿತ ಸಿಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಮೊದಮೊದಲು ಗೊತ್ತಾಗುವುದಿಲ್ಲ. ಆಮೇಲೆ ಬೆರಳಿಗೇ ಕಣ್ಣು ಬರುತ್ತದೆ.

ಇಕ್ಕಟ್ಟಿನಲ್ಲಿ ಅಪಾಯವೂ ಜಾಸ್ತಿ. ಹಿಂದೆ ಸರಿಯಲು ಜಾಗ ಇರುವುದಿಲ್ಲ, ಅಲ್ವಾ? ಉಂಗುರ, ವಾಚು ತೆಗೆದಿಡಿ, ಬ್ಯಾಟರಿ ಸ್ವಿಚ್ ಆಫ್ ಮಾಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅನ್ನುವುದು ನಿಜ, ಆದರೆ ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಾಗಿದರೆ ಕಾದು ಕೆಂಪಾಗುತ್ತದೆ. ಪೆಟ್ರೋಲ್ ಇಂಜಿನ್ ಇದ್ದವರಂತೂ ಸ್ಟಾರ್ಟ್ ಮಾಡುವ ಮೊದಲು ಕಡಿಮೆ ಅಂದರೂ 4 ನಿಮಿಷ ಬ್ಲೋವರ್, ಅಂದರೆ ಗೂಡಿನ ಗಾಳಿ ಹೊರಹಾಕುವ ಫ್ಯಾನ್, ಓಡಿಸಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕಾದು ಕೂತಿರುತ್ತದೆ.

ಮೆಕ್ಯಾನಿಕ್‌ಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಇಂಜೆಕ್ಷನ್ ಪಂಪನ್ನು ನಾನು ಮುಟ್ಟುವುದಿಲ್ಲ, ಶಾಫ್ಟ್ ಅಲೈನ್‌ಮೆಂಟಿಗೂ ಗೊತ್ತಿದ್ದವರನ್ನೇ ಕರೆಯುತ್ತೇನೆ. ಅವರೂ ಈಗ ಬೇಗ ಮುಗಿಸುತ್ತಾರೆ, ಅವರಿಗೂ ಕಿಂಡಿ ಇದೆಯಲ್ಲ.

ನನ್ನ ನಿಜವಾದ ಸಿಟ್ಟು ಬೋಟ್ ಡಿಸೈನ್ ಮಾಡುವವರ ಮೇಲೆ. ಮೆತ್ತನೆ ಸೀಟಿಗೆ ಜಾಗ ಇದೆ, ಅಲಂಕಾರದ ದೀಪಕ್ಕೆ ಜಾಗ ಇದೆ, ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಇಂಪೆಲ್ಲರ್ ಮುಂದೆ ನಾಲ್ಕು ಬೆರಳು ಜಾಗ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಬೋಟ್ ಕೊಳ್ಳಲು ಹೋದವರು ಸೀಟಿನ ಮೇಲೆ ಕೂತು ನೋಡುವ ಮೊದಲು ಇಂಜಿನ್ ಮುಚ್ಚಳ ತೆಗೆಸಿ. ಡಿಪ್‌ಸ್ಟಿಕ್, ಎರಡೂ ಫಿಲ್ಟರ್, ಇಂಪೆಲ್ಲರ್, ನೀರಿನ ವಾಲ್ವ್, ಎಲ್ಲವನ್ನೂ ಕೈಯಾರೆ ಮುಟ್ಟಿ ನೋಡಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮೊನ್ನೆಯ ಇಂಪೆಲ್ಲರ್ ಕಥೆ ಅರ್ಧಕ್ಕೆ ನಿಂತಿತ್ತು. ಹಳೆಯದನ್ನು ಹೊರಗೆ ತೆಗೆದು ನೋಡಿದರೆ ಒಂದು ರೆಕ್ಕೆಯ ತುಂಡು ಇಲ್ಲ. ಅದು ಎಲ್ಲಿಗೆ ಹೋಗುತ್ತದೆ? ನೀರಿನ ಜೊತೆ ಮುಂದಕ್ಕೆ, ಇಂಜಿನ್ ಬಿಸಿ ಇಳಿಸುವ ಹೀಟ್ ಎಕ್ಸ್‌ಚೇಂಜರ್ ಬಾಯಿಗೆ. ಅಲ್ಲೇ ಸಿಕ್ಕಿತು, ಕೊಳವೆಗಳಿಗೆ ಅಡ್ಡ ಕೂತಿತ್ತು. ಹೊಸ ಇಂಪೆಲ್ಲರಿಗೆ ಸೋಪಿನ ನೀರು ಸವರಿ, ಪಂಪು ತಿರುಗುವ ಕಡೆಗೇ ತಿರುಗಿಸುತ್ತಾ, ರೆಕ್ಕೆಗಳು ಹಿಂದಕ್ಕೆ ಮಡಚುವ ಹಾಗೆ ಒಳಗೆ ತಳ್ಳಿದೆ. ಕೈಯಲ್ಲೇ ಬಿಗಿ ಮಾಡಬಹುದಾದ ದೊಡ್ಡ ತಲೆಯ ಸ್ಕ್ರೂ ಇರುವ ಮುಚ್ಚಳ ತಂದಿಟ್ಟಿದ್ದೆ, ಅದನ್ನೇ ಹಾಕಿದೆ. ಬಿಲ್ಜಿಗೆ ಬಿದ್ದ ಆರನೇ ಸ್ಕ್ರೂ ಅಲ್ಲೇ ಇರಲಿ.

ಈಗ ಉಳಿದಿರುವುದು ಸ್ಟಾರ್ಟರ್ ಮೋಟಾರಿನ ಕೆಳಗಿನ ಬೋಲ್ಟ್. ಕಿಂಡಿಯಿಂದ ಕಾಣುತ್ತದೆ, ಆದರೆ ಸ್ಪ್ಯಾನರ್ ಒಂದು ಹಲ್ಲಿನಷ್ಟೂ ತಿರುಗುವುದಿಲ್ಲ. ಹಳೇ ಸ್ಪ್ಯಾನರೊಂದನ್ನು ಅರ್ಧಕ್ಕೆ ಕತ್ತರಿಸಿ ನೋಡೋಣ ಅಂತಿದ್ದೇನೆ. ಅದನ್ನು ಬಿಚ್ಚಿದ ಪುಣ್ಯಾತ್ಮರು ಯಾರಾದರೂ ಇಲ್ಲಿದ್ದರೆ, ಯಾವ ಕಡೆಯಿಂದ ಕೈ ಹಾಕಿದಿರಿ ಅಂತ ದಯವಿಟ್ಟು ಹೇಳಿ.