ಹೊಲಿಗೆ ಮೆಷಿನ್ ಸಾಕು, ವಾಯಿದೆಗೆ ಜೊತೆ ಬನ್ನಿ

ಜೈಲಿಂದ ಜಾಮೀನಿನ ಮೇಲೆ ಬಂದ ಹೆಂಗಸಿಗೆ ನಮ್ಮೂರಲ್ಲಿ ಎಲ್ಲರೂ ಕೊಡೋದು ಎರಡೇ. ಬುದ್ಧಿಮಾತು, ಇಲ್ಲವೇ ಹೊಲಿಗೆ ಮೆಷಿನ್. ಮೆಷಿನ್ ಕೊಟ್ಟರೆ ಒಂದು ಫೋಟೋನೂ ಆಗುತ್ತೆ.

ಎರಡು ವರ್ಷದಿಂದ ಒಬ್ಬಳ ಜೊತೆ ದಾವಣಗೆರೆ ಕೋರ್ಟಿಗೆ ಓಡಾಡ್ತಿದ್ದೇನೆ. ಹೆಸರು ಬೇಡ. ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿ, ಒಬ್ಬ ಮಗ, ಗಂಡ ಇದ್ದೂ ಇಲ್ಲ. ಕಳ್ಳತನದ ಕೇಸು. ಕದ್ದಳಾ ಇಲ್ಲವಾ ನಾನು ಕೇಳಿಲ್ಲ. ಕೇಳೋಕೆ ಕೋರ್ಟ್ ಇದೆಯಲ್ಲ. ಅವಳಿಗೂ ಯಾರೋ ಮೆಷಿನ್ ಕೊಟ್ಟಿದ್ದಾರೆ. ಹೊಲಿಯೋಕೆ ಬರಲ್ಲ. ಅದರ ಮೇಲೆ ಅಕ್ಕಿ ಚೀಲ ಕೂತಿದೆ.

ಜಾಮೀನು ಆದೇಶ ಆದಮೇಲೂ ಅವಳು ಎರಡು ತಿಂಗಳು ಒಳಗೇ ಇದ್ದಳು. ಜಾಮೀನು ನಿಲ್ಲೋರು ಪಹಣಿ ತರಬೇಕು. ಜಗಳೂರು ಕಡೆಯ ಅಣ್ಣ, 'ಹೊಲದ ಕಾಗದ ಕೊಟ್ಟು ನಾನ್ ಸಿಕ್ಕೊಳ್ಳಲಾ?' ಅಂದುಬಿಟ್ಟ. ಆದೇಶ ಆಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನನಗೂ. ಕೊನೆಗೆ ಸ್ತ್ರೀಶಕ್ತಿ ಸಂಘದ ಒಬ್ಬಾಕೆಯ ಮಾವ ಬಂದು ನಿಂತರು.

ಮೊದಮೊದಲು ನಾನೂ ಬುದ್ಧಿ ಹೇಳೋಕೇ ಹೋಗಿದ್ದೆ. ಅವಳು ಸುಮ್ನೆ ಸೀರೆ ಅಂಗಡಿಯ ಕವರ್ ಬಿಚ್ಚಿದಳು. ಚಾರ್ಜ್‌ಶೀಟ್, ರೇಷನ್ ಕಾರ್ಡ್, ಮಗನ ಟಿ.ಸಿ., ಮಡಚಿ ಮಡಚಿ ಹರಿದ ಒಂದು ಚೀಟಿ. ಓದು ಬರಲ್ಲ. ವಾಯಿದೆಯನ್ನ, ಅಂದರೆ ಕೋರ್ಟಿಗೆ ಹಾಜರಾಗಬೇಕಾದ ತಾರೀಖನ್ನ, 'ಅಮಾಸೆ ಆಗಿ ನಾಕನೇ ದಿನ' ಅಂತ ನೆನಪಿಟ್ಟಿದ್ದಳು. ಒಂದ್ಸಲ ಮಗನಿಗೆ ಜ್ವರ ಬಂದು ಲೆಕ್ಕ ತಪ್ಪಿತು, ವಾರಂಟ್ ಬಂತು. ಅದನ್ನ ವಾಪಸ್ ತೆಗೆಸೋಕೆ ಮೂರು ದಿನದ ಕೂಲಿ ಹೋಯಿತು. ಕೋರ್ಟಿಗೆ ಅದು 'ಗೈರುಹಾಜರಿ', ಅಷ್ಟೇ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಯಿತು. ಹೊಡೆತ ತಿಂದು ಬಂದವರಿಗೆ ಸಖಿ ಕೇಂದ್ರ ಇದೆ. ಪ್ರೊಬೇಷನ್ ಅಧಿಕಾರಿ ಅಗತ್ಯ ಬಿದ್ದರೆ ಕೆಲಸ ಹುಡುಕಿಕೊಡೋಕೂ ಪ್ರಯತ್ನಿಸಬೇಕು ಅಂತ 1958ರ ಕಾಯ್ದೆಯಲ್ಲೇ ಇದೆ. ಆದರೆ ಅದು ಪ್ರೊಬೇಷನ್ ಮೇಲೆ, ಅಂದರೆ ತಪ್ಪು ಸಾಬೀತಾದರೂ ಜೈಲಿಗೆ ಹಾಕದೆ ಒಳ್ಳೆ ನಡತೆಯ ಷರತ್ತಿನ ಮೇಲೆ, ಬಿಟ್ಟವರಿಗೆ. ಕೇಸು ಇನ್ನೂ ನಡೀತಿರೋಳಿಗೆ ಯಾರು? ಒಂದೊಂದು ಮೇಜಿನ ಮುಂದೆಯೂ ಮೊದಲಿಂದ ಕಥೆ ಹೇಳಬೇಕು, ಅಳಬೇಕು. ಇದೆಲ್ಲಾ ಒಂದೇ ನೋಟ್‌ಬುಕ್ಕಲ್ಲಿ ಬರೆದಿಟ್ಟು, ಒಬ್ಬರೇ ಕೊನೆವರೆಗೂ ಹಿಂದೆ ಬೀಳಬೇಕು. ಸಂಬಳ ಕೊಟ್ಟು ನೇಮಿಸಬೇಕಾದ ಕೆಲಸ ಇದು. ನನ್ನಂಥ ನಿವೃತ್ತ ಟೀಚರ್ ಬಿಡುವಿದ್ದಾಗ ಮಾಡಿ ಮುಗಿಸೋದಲ್ಲ.

ನಾನು ಮಾಡೋದಾದ್ರೂ ಏನು? ಹಿಂದಿನ ಸಂಜೆ ಫೋನ್. ಬೆಳಿಗ್ಗೆ ಕೋರ್ಟ್ ಮೆಟ್ಟಿಲ ಹತ್ತಿರ ಕಾಯೋದು. ಹೆಸರು ಕೂಗಿದಾಗ ಬೆನ್ನು ಮುಟ್ಟಿ 'ಹೋಗವ್ವ' ಅನ್ನೋದು. ಬಾಡಿಗೆ ಮನೆ ಕೇಳೋಕೆ ಜೊತೆಗೆ ಹೋಗೋದು. ಆರು ಕಡೆ 'ಇಲ್ಲ' ಅಂದರು, ಏಳನೇದು ಸಿಕ್ಕಿತು.

ಮುಂದಿನ ವಾಯಿದೆ ದಿನ ನನಗೆ ಕಣ್ಣಿನ ಆಪರೇಷನ್ ಇದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಬಿಡುವಿರೋ ಹೆಣ್ಣುಮಕ್ಕಳು ಯಾರಾದ್ರೂ ಇದ್ದರೆ ಮೆಸೇಜ್ ಮಾಡಿ. ಭಾಷಣ ಬೇಡ, ಪಕ್ಕದಲ್ಲಿ ಕೂತರೆ ಸಾಕು. ಆಮೇಲಿನ ಮಿರ್ಚಿ ಮಂಡಕ್ಕಿ ಖರ್ಚು ನಂದು.