ಅರ್ಧಕ್ಕಿಳಿದ ಕಂಬ

ಬೆಳಿಗ್ಗೆ ಕಾಫಿ ಲೋಟ ಕೈಗೆ ಬರೋ ಮೊದಲೇ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪನ ಗ್ರಾಫು ಬಂದಿರುತ್ತೆ. ಇವತ್ತಿನದು ಎರಡು ಕಂಬ. ಒಂದು ಎತ್ತರಕ್ಕೆ ನಿಂತಿದೆ, ಪಕ್ಕದ್ದು ಅದರ ಅರ್ಧ, ಅದೂ ಕೆಂಪು ಬಣ್ಣದ್ದು. ಮೇಲೆ 'ಕರ್ನಾಟಕದಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ!' ಅಂತ ದಪ್ಪಕ್ಷರ. ಕೆಳಗೆ ಚಿಕ್ಕಪ್ಪನ ಷರಾ: "ಈಗಿನ ಹುಡುಗೀರಿಗೆ ಮೊಬೈಲ್ ಸಾಕು."

ಕನ್ನಡಕ ಹಾಕಿಕೊಂಡು ನೋಡಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳೇ, ಸುಳ್ಳಲ್ಲ. ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು 2015-16ರಲ್ಲಿ 1.8, 2019-20ರಲ್ಲಿ 1.7. ಇಳಿದದ್ದು 0.1. ಆದರೆ ಗ್ರಾಫಿನ ಬುಡ ಸೊನ್ನೆಯಲ್ಲಿಲ್ಲ, 1.6ರಲ್ಲಿದೆ! ಕಾಲು ಕತ್ತರಿಸಿ ನಿಲ್ಲಿಸಿದರೆ ಯಾರಾದರೂ ಕುಳ್ಳರೇ. ಸೊನ್ನೆಯಿಂದ ಬರೆದಿದ್ದರೆ ಎರಡು ಕಂಬಗಳ ವ್ಯತ್ಯಾಸ ಹುಡುಕೋಕೆ ಸ್ಕೇಲ್ ಬೇಕಾಗುತ್ತಿತ್ತು.

ಇನ್ನು ಮೊಬೈಲ್ ಕಥೆ. 2005-06ರ ಸಮೀಕ್ಷೆಯಲ್ಲೇ ನಮ್ಮ ರಾಜ್ಯದ ಅಂಕಿ 2.1ಕ್ಕೆ ಬಂದಾಗಿತ್ತು. ಆಗ ಚಿಕ್ಕಪ್ಪನ ಜೇಬಲ್ಲಿದ್ದದ್ದು ಹಾವಿನ ಆಟದ ನೋಕಿಯಾ. ಹೆಣ್ಣುಮಕ್ಕಳ ಓದು, ತಡವಾಗಿ ಆಗೋ ಮದುವೆ, ಶಾಲೆ ಫೀಸು, ಮನೆ ಬಾಡಿಗೆ, ಇವಕ್ಕೆಲ್ಲ ಆ ಚಿತ್ರದಲ್ಲಿ ಜಾಗವೇ ಇಲ್ಲ. (ಚಿಕ್ಕಪ್ಪನಿಗೂ ಒಂದೇ ಮಗು. ಅದನ್ನ ಯಾರೂ ಗ್ರಾಫ್ ಮಾಡಿಲ್ಲ.)

ಇಷ್ಟನ್ನೂ ಟೈಪ್ ಮಾಡಿ ಕಳಿಸಿದೆ. ಚಿಕ್ಕಪ್ಪ ಒಂದು ಹೆಬ್ಬೆರಳು ಒತ್ತಿದರು. ಹತ್ತು ನಿಮಿಷಕ್ಕೆ ಇನ್ನೊಂದು ಗ್ರಾಫು ಬಂತು. ಈ ಸಲ ಪೈ ಚಾರ್ಟು, ಕೂಡಿ ನೋಡಿದರೆ 117 ಪರ್ಸೆಂಟು.